ದನದ ಕಣ್ಣಲ್ಲಿ ಹೂ ಬಿದ್ದರೆ ಸಂತೆಗೆ ಹೊಡೆಯುವ ಮುನ್ನ ಇದನ್ನು ಓದಿ



ವಾಳೂಜ್ ಎಂಐಡಿಸಿಯಲ್ಲಿ ಪಾಳಿ ಮುಗಿಸಿ ಕೋಣೆಗೆ ಬಂದಾಗ ಊರಿಂದ ಒಂದು ಫೋಟೊ ಬಂದಿರುತ್ತದೆ. ಎತ್ತಿನ ಒಂದು ಕಣ್ಣು ಬೆಳ್ಳಗಾಗಿದೆ, ಕೆಳಗೆ ಕಣ್ಣೀರು ಸೋರಿದ ಕಪ್ಪು ಗೆರೆ. "ಹೂ ಬಿದ್ದದ, ಏನ್ ಮಾಡೂಣು?" ಅಂತ ಅಪ್ಪ ಕೇಳುತ್ತಾರೆ. ಬೀದರ್, ಕಲಬುರಗಿ, ವಿಜಯಪುರದ ಕಡೆಯಿಂದ ಬಂದು ಇಲ್ಲಿ ದುಡಿಯುವ ನಮ್ಮವರೇ ಇದಕ್ಕೆ ಉತ್ತರ ಹೇಳಬೇಕು, ಔಷಧದ ಹಣ ಕಳಿಸುವವರೂ ಅವರೇ. ಒಂದು ಕಣ್ಣು ಹೋದ ಎತ್ತಿಗೆ ಸಂತೆಯಲ್ಲಿ ಏನು ಬೆಲೆ ಸಿಗುತ್ತದೆ ಎಂಬುದು ನಿಮಗೇ ಗೊತ್ತು.

ದನಗಳಿಗೆ ಅತಿ ಹೆಚ್ಚು ಬರುವ ಕಣ್ಣಿನ ರೋಗ *ಪಿಂಕ್ ಐ*. ನಾವು "ಕಣ್ಣು ಬಂದಾವ" ಅನ್ನುತ್ತೇವೆ, ಮರಾಠಿಯವರು "ಡೋಳೆ ಆಲೇ" ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅಂಥದ್ದೇ. ಆದರೆ ರೋಗಾಣು ಬೇರೆ. ದನಗಳಲ್ಲಿ ಇದನ್ನು ತರುವುದು ಮೊರಾಕ್ಸೆಲ್ಲಾ ಬೋವಿಸ್ ಎಂಬ ಬ್ಯಾಕ್ಟೀರಿಯಾ. ಹೊತ್ತು ತಿರುಗುವುದು ನೊಣ. ರೋಗದ ದನದ ಕಣ್ಣೀರು ಹೀರಿದ ನೊಣ ಪಕ್ಕದ ದನದ ಕಣ್ಣಿಗೆ ಹಾರುತ್ತದೆ. ನೊಣದ ಕಾಲಿಗೆ ಅಂಟಿದ ರೋಗಾಣು ಮೂರು ದಿನದವರೆಗೂ ಬದುಕಬಲ್ಲದು. ಸುಡುಬಿಸಿಲು, ಧೂಳು, ಒಣ ಮೇವಿನ ಚೂರು ಕಣ್ಣನ್ನು ಗೀರಿದ್ದರೆ ರೋಗಕ್ಕೆ ಬಾಗಿಲು ತೆರೆದಂತೆ. ಹೆಚ್ಚು ಬಲಿಯಾಗುವುದು ಕರುಗಳು. ಜೋರಾಗಿ ಹರಡಿದರೆ ಅರ್ಧಕ್ಕಿಂತ ಹೆಚ್ಚು ದನಗಳಿಗೆ ತಗಲುವುದೂ ಉಂಟು.

ಮೊದಲು ಕಣ್ಣೀರು, ಬೆಳಕಿಗೆ ಕಣ್ಣು ಮುಚ್ಚುವುದು. ನಂತರ ಕಣ್ಣಿನ ನಡುವೆ ಬಿಳಿ ಚುಕ್ಕೆ, ಅದೇ ಹುಣ್ಣು. ಬೇಗ ಚಿಕಿತ್ಸೆ ಸಿಕ್ಕರೆ ಬಹುತೇಕ ಕಣ್ಣುಗಳು ನಾಲ್ಕೈದು ವಾರದಲ್ಲಿ ತಿಳಿಯಾಗುತ್ತವೆ, ಹೆಚ್ಚೆಂದರೆ ಸಣ್ಣ ಕಲೆ ಉಳಿಯುತ್ತದೆ. ಹುಣ್ಣು ಆಳಕ್ಕೆ ಇಳಿದರೆ ಕಣ್ಣೇ ಒಡೆಯಬಹುದು. ಹಾಗಾಗಿ ಹೂ ಕಂಡ ದಿನವೇ ದನವನ್ನು ಹೊಡೆದುಕೊಂಡು ಸಂತೆಗೆ ಹೋಗುವುದು ಅವಸರದ ನಷ್ಟ.

ಇನ್ನು ಊರ ಮದ್ದು. ಉಪ್ಪು ಅಥವಾ ತಂಬಾಕು ಅಗಿದು ಕಣ್ಣಿಗೆ ಉಗುಳುವುದು, ಗಾಜಿನ ಪುಡಿ ಊದುವುದು. ದಯವಿಟ್ಟು ಬೇಡ ಅನ್ನಿ. ಹುಣ್ಣಾದ ಕಣ್ಣಿಗೆ ಇದು ಗಾಯದ ಮೇಲೆ ಗಾಯ. ಮನೆಯಲ್ಲಿ ಉಳಿದ ನಮ್ಮ ಕಣ್ಣಿನ ಹನಿಯನ್ನೂ ಹಾಕಬಾರದು. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಹುಣ್ಣು ಕೆದರುತ್ತದೆ. ನೊಣ ಓಡಿಸಲು ಬೇವಿನ ಹೊಗೆ ಹಾಕುವುದು ಒಳ್ಳೆಯದೇ, ಆದರೆ ಕಣ್ಣು ಬಂದ ದನದ ಮುಖಕ್ಕೆ ಹೊಗೆ ತಾಗದಿರಲಿ. ಅದನ್ನು ಬೇರೆ ಕಟ್ಟಿ, ನೆರಳಲ್ಲಿಡಿ.

ಬಿಳಿ ಕಣ್ಣೆಲ್ಲಾ ಪಿಂಕ್ ಐ ಅಲ್ಲ. ರೆಪ್ಪೆಯೊಳಗೆ ದಾರದಂಥ ಬಿಳಿ ಹುಳು ಹರಿದಾಡಿದರೆ ಅದು ಕಣ್ಣಿನ ಹುಳು, ಅದನ್ನೂ ನೊಣವೇ ತರುತ್ತದೆ. ಮೈತುಂಬ ಗಂಟು ಎದ್ದಿದ್ದರೆ ಚರ್ಮಗಂಟು ರೋಗ. 2022ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆ ಹಬ್ಬಿದಾಗ ಕಣ್ಣು ಕೆಟ್ಟ ದನಗಳೂ ಇದ್ದವು. ಜ್ವರದೊಂದಿಗೆ ಕರುವಿನ ಕಣ್ಣುಗುಡ್ಡೆ ಹೊರಚಾಚಿದರೆ ಉಣ್ಣೆಯಿಂದ ಬರುವ ಥೈಲೇರಿಯಾ ಇರಬಹುದು, ಆಗ ಒಂದು ದಿನವೂ ಕಾಯಬಾರದು.

ಬರಗಾಲದ ವರ್ಷ ಇನ್ನೊಂದು ತೊಂದರೆ. ತಿಂಗಳುಗಟ್ಟಲೆ ಬರೀ ಒಣ ಕಣಿಕೆ ತಿಂದ ಆಕಳಿನ ಕರು ಸಂಜೆಯಾದರೆ ಗೋಡೆಗೆ, ಗೂಟಕ್ಕೆ ಡಿಕ್ಕಿ ಹೊಡೆಯುತ್ತದೆ. ವಿಟಮಿನ್ ಎ ಕಡಿಮೆಯಾಗಿ ಬರುವ ಇರುಳುಗಣ್ಣು ಅದು. ಕುದುರೆ ಮೆಂತೆಯಂಥ ಹಸಿ ಮೇವು ಬೇಕು. ಹಸಿರು ಅಂತ ನೀರಿಲ್ಲದೆ ಬಾಡಿದ ಎಳೆ ಜೋಳ ಮಾತ್ರ ಹಾಕಬೇಡಿ, ಅದರಲ್ಲಿ ವಿಷ ಇರುತ್ತದೆ.

ಫೋನಿನಲ್ಲಿ ಇಷ್ಟು ಕೇಳಿ: ಒಂದು ಕಣ್ಣೋ ಎರಡೋ? ಎಷ್ಟು ದಿನವಾಯಿತು? ಜ್ವರ ಇದೆಯೇ? ಬೇರೆ ದನಕ್ಕೂ ಬಂದಿದೆಯೇ? ನೆರಳಲ್ಲಿ ಎರಡೂ ಕಣ್ಣಿನ ಫೋಟೊ ತರಿಸಿಕೊಳ್ಳಿ. ಆಮೇಲೆ ಊರಿನ ಪಶು ದವಾಖಾನೆಗೆ ಹೋಗಲು, ಇಲ್ಲವೇ *1962*ಕ್ಕೆ ಕರೆ ಮಾಡಲು ಹೇಳಿ. ಈ ಸಹಾಯವಾಣಿ ಆಯಾ ರಾಜ್ಯದ್ದು, ಆದ್ದರಿಂದ ಊರಲ್ಲಿರುವವರೇ ಕರೆ ಮಾಡಲಿ. ಡಾಕ್ಟರು ಆ್ಯಂಟಿಬಯೊಟಿಕ್ ಚುಚ್ಚಿದರೆ ಎಷ್ಟು ದಿನ ಹಾಲು ಬಳಸಬಾರದೆಂದು ಆಗಲೇ ಕೇಳಿಕೊಳ್ಳಲಿ, ಔಷಧದ ಶೀಶೆಯ ಫೋಟೊ ನಿಮಗೂ ಕಳಿಸಲಿ.