ಹೋಗಿ ಉಳಿಯುವುದು, ಕರೆದು ಉಳಿಸಿಕೊಳ್ಳುವುದು: ಕಥೋಲಿಕ ಶಾಲೆಗಳ ವಿನಿಮಯ ಪ್ರವಾಸ

ಒಂದು ಶಾಲೆಯ ಮಕ್ಕಳ ತಂಡ ಹೊರದೇಶದ ಶಾಲೆಯೊಂದಕ್ಕೆ ಹೋಗಿ, ಅಲ್ಲಿನ ವಿದ್ಯಾರ್ಥಿಗಳ ಮನೆಗಳಲ್ಲೇ ಉಳಿದು, ಅವರ ಜೊತೆ ತರಗತಿಯಲ್ಲಿ ಕೂತು, ಆಮೇಲೆ ಅವರನ್ನು ತಮ್ಮೂರಿಗೆ ಕರೆಸಿ ಅದೇ ರೀತಿ ನೋಡಿಕೊಳ್ಳುವ ಏರ್ಪಾಡಿಗೆ ಶಾಲಾ ವಿನಿಮಯ ಪ್ರವಾಸ ಎನ್ನುತ್ತಾರೆ. ಹೋಗುವುದು, ಕರೆಯುವುದು ಎರಡೂ ಇದ್ದರೆ ಮಾತ್ರ ಅದು ವಿನಿಮಯ. ಬಸ್ಸಿನ ಕಿಟಕಿಯಿಂದ ಐದು ನಗರ ತೋರಿಸಿ, ನಡುವೆ ಒಂದು ಶಾಲೆಯ ಗೇಟಿನ ಮುಂದೆ ಗುಂಪು ಫೋಟೊ ತೆಗೆಸಿ ವಾಪಸು ತರುವ ಪ್ಯಾಕೇಜುಗಳೂ ಇದೇ ಹೆಸರು ಇಟ್ಟುಕೊಂಡಿವೆ. ಅವು ಪ್ರವಾಸಗಳೇ ಹೊರತು ವಿನಿಮಯವಲ್ಲ.

ಈ ಪದ್ಧತಿ ಬೆಳೆದದ್ದು ಯುದ್ಧಗಳ ನೆನಪಿನಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದ ಅಮೆರಿಕನ್ ಸ್ವಯಂಸೇವಕರ ಸಂಸ್ಥೆ ಎಎಫ್‌ಎಸ್, ಎರಡನೆಯ ಯುದ್ಧ ಮುಗಿದ ಮೇಲೆ, 1947ರಲ್ಲಿ, ಶಾಲಾ ಮಕ್ಕಳ ವಿನಿಮಯಕ್ಕೆ ಇಳಿಯಿತು. 1963ರ ಜನವರಿ 22ರಂದು ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ಎಲಿಸೆ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ವರ್ಷ ಎರಡೂ ದೇಶಗಳ ಯುವಜನರನ್ನು ಪರಸ್ಪರ ಕಳುಹಿಸಿಕೊಡಲು ಜಂಟಿ ಕಚೇರಿಯೊಂದು ಹುಟ್ಟಿತು. ಹಿಂದಿನ ತಲೆಮಾರು ಬಂದೂಕು ಹಿಡಿದು ಎದುರಾಗಿದ್ದ ಊರುಗಳಲ್ಲಿ ಮುಂದಿನ ತಲೆಮಾರು ಅತಿಥಿಯಾಗಿ ಊಟಕ್ಕೆ ಕೂತಿತು. ಭಾಷೆ ಕಲಿಯುವುದು ಈಗಲೂ ವಿನಿಮಯದ ಒಂದು ಉದ್ದೇಶ, ಆದರೆ ಮೂಲ ಉದ್ದೇಶ ಅಷ್ಟೇ ಆಗಿರಲಿಲ್ಲ.

ಯಾವ ಶಾಲೆಗಾದರೂ ಇಂಥ ಪ್ರವಾಸದಲ್ಲಿ ಅತಿ ಕಷ್ಟದ ಕೆಲಸ ನಂಬಿಕಸ್ಥ ಜೊತೆಗಾರ ಶಾಲೆಯನ್ನು ಹುಡುಕುವುದು. ಕಥೋಲಿಕ ಶಾಲೆಗಳಿಗೆ ಇಲ್ಲೊಂದು ಅನುಕೂಲವಿದೆ. ಅವುಗಳಲ್ಲಿ ಅನೇಕವನ್ನು ನಡೆಸುವುದು ಧಾರ್ಮಿಕ ಸಭೆಗಳು, ಮತ್ತು ಒಂದೇ ಸಭೆಗೆ ಹತ್ತಾರು ದೇಶಗಳಲ್ಲಿ ಶಾಲೆಗಳಿರುತ್ತವೆ. ಯೇಸುಸಭೆ, ಸಲೇಸಿಯನ್ ಸಭೆ, ಸಿಸ್ಟರ್‌ಗಳ ನಾನಾ ಸಭೆಗಳು ಎಲ್ಲವೂ ಹೀಗೆಯೇ. ಇಲ್ಲಿನ ಕಾನ್ವೆಂಟಿನ ಮುಖ್ಯೋಪಾಧ್ಯಾಯಿನಿ ಬರೆದ ಪತ್ರ ಅಲ್ಲಿ ಅಪರಿಚಿತರ ಮೇಜಿಗೆ ಹೋಗುವುದಿಲ್ಲ, ಅದೇ ಸಭೆಯ ಇನ್ನೊಬ್ಬ ಸಿಸ್ಟರ್ ಕೈಗೆ ಹೋಗುತ್ತದೆ. ಸಭೆಯ ಜಾಲ ಇಲ್ಲದಿದ್ದರೆ ಧರ್ಮಪ್ರಾಂತ್ಯದ ಸಂಪರ್ಕವಿದೆ. ಉದಾಹರಣೆಗೆ, ನಮ್ಮ ಮಂಡ್ಯದ ಸೀಮೆಯಲ್ಲಿ ಎರಡು ಧರ್ಮಪ್ರಾಂತ್ಯಗಳು ಒಟ್ಟಿಗೇ ಕೆಲಸ ಮಾಡುತ್ತವೆ: ಹಳೆಯದಾದ ಲ್ಯಾಟಿನ್ ಸಂಪ್ರದಾಯದ ಮೈಸೂರು ಧರ್ಮಪ್ರಾಂತ್ಯ, ಮತ್ತು ಮಾನಂದವಾಡಿಯಿಂದ ಬೇರ್ಪಡಿಸಿ 2010ರ ಜನವರಿಯಲ್ಲಿ ಸ್ಥಾಪಿಸಿದ ಸಿರೊ-ಮಲಬಾರ್ ಸಂಪ್ರದಾಯದ ಮಂಡ್ಯ ಧರ್ಮಪ್ರಾಂತ್ಯ.

ಯುರೋಪಿನೊಂದಿಗೆ ಮಂಡ್ಯ ಜಿಲ್ಲೆಯ ಕಥೋಲಿಕ ನಂಟು ಹೊಸದಲ್ಲ. ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ 17ನೇ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು, ಕನ್ನಡ ಕಲಿತರು. ಫ್ರಾನ್ಸಿನಿಂದ 1792ರಲ್ಲಿ ಹೊರಟ ಪಾದ್ರಿ ಅಬ್ಬೆ ದುಬ್ವಾ 1799ರಲ್ಲಿ ಟಿಪ್ಪು ಮಡಿದ ನಂತರ ಶ್ರೀರಂಗಪಟ್ಟಣದ ಕ್ರೈಸ್ತ ಸಮುದಾಯವನ್ನು ಮತ್ತೆ ಕಟ್ಟಲು ಬಂದವರು. ಗಂಜಾಮಿನಲ್ಲಿ ಅವರ ಹೆಸರಿನ ಚರ್ಚ್ ಇಂದಿಗೂ ಇದೆ. ಇಲ್ಲಿಯವರ ಉಡುಪು, ಇಲ್ಲಿಯವರ ಊಟ ರೂಢಿಸಿಕೊಂಡು 1823ರವರೆಗೆ ಭಾರತದಲ್ಲಿದ್ದರು. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಪುಸ್ತಕದ ಬಹುಭಾಗ ಯೇಸುಸಭೆಯ ಕೂರ್ದು ಎಂಬುವವರ ಹಳೆಯ ಹಸ್ತಪ್ರತಿಯಿಂದ ಬಂದದ್ದೆಂದು ನಂತರದ ಸಂಶೋಧನೆ ತೋರಿಸಿದೆ. ಮೂವತ್ತು ವರ್ಷ ಜನರ ನಡುವೆ ಇದ್ದವರೇ ಇನ್ನೊಬ್ಬರ ಅಭಿಪ್ರಾಯವನ್ನು ಎರವಲು ಪಡೆದರೆಂದಮೇಲೆ, ಎರಡು ವಾರ ಇದ್ದು ಹೋಗುವ ಮಕ್ಕಳು ಒಂದು ದೇಶವನ್ನೇ ಅರಿತುಬಿಡುತ್ತಾರೆಂದು ಕರಪತ್ರದಲ್ಲಿ ಹೊಗಳಿಕೊಳ್ಳದಿರುವುದು ಒಳ್ಳೆಯದು.

ಈ ಹಳೆಯ ನಂಟು ಬಹುಮಟ್ಟಿಗೆ ಒಮ್ಮುಖವಾಗಿತ್ತು. ಅಲ್ಲಿಂದ ಪಾದ್ರಿಗಳು, ಸಿಸ್ಟರ್‌ಗಳು, ಹಣ ಬಂದವು. ಇಲ್ಲಿಂದ ಹೋದದ್ದು ಪತ್ರಗಳು, ವರದಿಗಳು. ಮಕ್ಕಳ ವಿನಿಮಯದಲ್ಲೂ ಅದೇ ಛಾಯೆ ಬೀಳುವ ಅಪಾಯವಿದೆ. ಹೊರದೇಶದ ಕಥೋಲಿಕ ಶಾಲೆಗಳು ಭಾರತಕ್ಕೆ ತಂಡ ಕಳುಹಿಸುವಾಗ ಅದನ್ನು ಸೇವಾ ಪ್ರವಾಸವೆಂದು ಕರೆಯುವುದು ಹೆಚ್ಚು: ಬಂದು ಗೋಡೆಗೆ ಬಣ್ಣ ಬಳಿಯುವುದು, ಪೆನ್ನು ಪುಸ್ತಕ ಹಂಚುವುದು, ಹೋಗುವುದು. ಬಣ್ಣ ಬಳಿಯಲು ಮಂಡ್ಯದಲ್ಲಿ ಕುಶಲ ಕೆಲಸಗಾರರಿಗೆ ಬರವಿಲ್ಲ. ಬಂದ ಹುಡುಗ ಇಲ್ಲಿನ ಮನೆಯೊಂದರಲ್ಲಿ ಉಂಡು ಮಲಗಿ, ಇಲ್ಲಿನ ಹುಡುಗ ಅವನ ಮನೆಗೆ ಹೋಗಿ ಉಂಡು ಮಲಗಿದಾಗ ಕೊಡುವವರು, ಪಡೆಯುವವರು ಎಂಬ ಭೇದ ತಾನಾಗಿಯೇ ಸಡಿಲವಾಗುತ್ತದೆ.

ಹೋಗುವ ತಂಡದ ಸ್ವರೂಪವನ್ನೂ ಮೊದಲೇ ಯೋಚಿಸಬೇಕಾಗುತ್ತದೆ. ಈ ಭಾಗದ ಕಥೋಲಿಕ ಶಾಲೆಗಳಲ್ಲಿ ಓದುವವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ ಕ್ರೈಸ್ತ ಶಿಕ್ಷಣದ ಬಗೆಗಿನ ಘೋಷಣೆಯನ್ನೂ ಇತರ ಧರ್ಮಗಳೊಂದಿಗಿನ ಸಂಬಂಧದ ಘೋಷಣೆಯನ್ನೂ ಹೊರಡಿಸಿದ್ದು ಒಂದೇ ದಿನ, 1965ರ ಅಕ್ಟೋಬರ್ 28ರಂದು. ಒಕ್ಕಲಿಗರ ಮನೆಯ ಹುಡುಗಿ, ಮುಸ್ಲಿಂ ಹುಡುಗ, ಚರ್ಚಿನ ಗಾನವೃಂದದ ಹುಡುಗಿ ಒಂದೇ ತಂಡದಲ್ಲಿ ಹೋಗಲು ಧರ್ಮಸಭೆಯ ಕಡೆಯಿಂದ ಅಡ್ಡಿಯಿಲ್ಲ. ಆದರೆ ಆತಿಥೇಯ ಕುಟುಂಬ ಭಾನುವಾರ ಬಲಿಪೂಜೆಗೆ ಹೊರಟಾಗ ಕ್ರೈಸ್ತರಲ್ಲದ ಮಗು ಜೊತೆಗೆ ಹೋಗಬೇಕೇ, ಮನೆಯಲ್ಲಿರಬಹುದೇ, ಹೋದರೆ ಪರಮಪ್ರಸಾದದ ಹೊತ್ತಿಗೆ ಏನು ಮಾಡಬೇಕು ಎಂಬುದನ್ನು ಹೆತ್ತವರ ಜೊತೆ ಊರಲ್ಲೇ ಮಾತಾಡಿ ತೀರ್ಮಾನಿಸಿರಬೇಕು.

ಕಾಲದ ಆಯ್ಕೆ ಸುಲಭವಲ್ಲ. ಹತ್ತನೇ ತರಗತಿಗೆ ಎಸ್ಸೆಸ್ಸೆಲ್ಸಿ ಇರುವುದರಿಂದ ಒಂಬತ್ತನೆಯ ತರಗತಿಯ ಮಕ್ಕಳೇ ಸೂಕ್ತ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬೇಸಿಗೆ ರಜೆ. ಈಸ್ಟರ್ ರಜೆ ಕಳೆದ ಮೇಲೆ ಯುರೋಪಿನ ಶಾಲೆಗಳು ಆಗ ನಡೆಯುತ್ತಿರುತ್ತವೆ. ಹೋಗುವವರಿಗೆ ಇದು ಅನುಕೂಲ. ಬರುವವರದ್ದೇ ತೊಡಕು. ಜರ್ಮನಿಯ ಹಲವು ರಾಜ್ಯಗಳಿಗೂ ಬ್ರಿಟನ್ನಿಗೂ ಅಕ್ಟೋಬರಿನಲ್ಲಿ ರಜೆ ಇರುತ್ತದೆ, ಇಲ್ಲೂ ದಸರಾ ರಜೆ. ಬಂದ ಮಕ್ಕಳಿಗೆ ಜಂಬೂಸವಾರಿ ಸಿಗಬಹುದು, ತರಗತಿ ಸಿಗಲಾರದು. ಕ್ರಿಸ್‌ಮಸ್ ರಜೆ ಕೊಡುವ ಸಲುವಾಗಿ ದಸರಾ ರಜೆಯನ್ನು ಮೊಟಕು ಮಾಡುವ ಶಾಲೆಗಳಿಗೆ ಮಾತ್ರ ಇಲ್ಲೊಂದು ದಾರಿಯಿದೆ.

ಕಾಗದಪತ್ರಗಳ ಕೆಲಸ ಆರು ತಿಂಗಳು ಮೊದಲೇ ಶುರುವಾಗಬೇಕು. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಯೋಜನೆಯ ಮೊದಲ ಎರಡು ಪ್ರಯೋಗಗಳಲ್ಲಿ ಒಂದು 2017ರ ಜನವರಿಯಲ್ಲಿ ಮೈಸೂರಿನಲ್ಲೇ ಆರಂಭವಾಯಿತು, ಹೀಗಾಗಿ ದೂರದ ಸಮಸ್ಯೆ ಈಗಿಲ್ಲ. ಸಮಸ್ಯೆ ಇರುವುದು ಹೆಸರಿನಲ್ಲಿ. ಶಾಲೆಯ ದಾಖಲೆಯಲ್ಲಿ ಹೆಸರಿನ ಜೊತೆ ಒಂದೆರಡು ಇನಿಷಿಯಲ್, ಜನನ ಪತ್ರದಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಮೂರನೆಯ ಕಾಗುಣಿತ. ಇವನ್ನು ಸರಿಪಡಿಸಲು ಹಿಡಿಯುವ ಸಮಯವೇ ಹೆಚ್ಚು. 15 ತುಂಬದ ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದು ವರ್ಷ, ಅದಕ್ಕೆ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು. ಯುರೋಪಿನ ಬಹುತೇಕ ದೇಶಗಳಿಗೆ ಷೆಂಗೆನ್ ವೀಸಾ ಸಾಕು. 2024ರ ಜೂನ್‌ನಿಂದ ದೊಡ್ಡವರಿಗೆ ಅದರ ಶುಲ್ಕ 90 ಯುರೊ. ಓದಿನ ಉದ್ದೇಶದಿಂದ ಹೋಗುವ ಶಾಲಾ ಮಕ್ಕಳಿಗೂ ಜೊತೆಗಿರುವ ಶಿಕ್ಷಕರಿಗೂ ಆ ಶುಲ್ಕ ಮಾಫಿ ಎಂಬುದು ಬಹಳ ಶಾಲೆಗಳಿಗೆ ಗೊತ್ತಿಲ್ಲದೆ ಹೋಗಬಹುದು. ಆತಿಥೇಯ ಶಾಲೆಯ ಪತ್ರದಲ್ಲಿ ಉದ್ದೇಶ ಸ್ಪಷ್ಟವಾಗಿರಬೇಕು, ಅಷ್ಟೇ. ಕನಿಷ್ಠ 30,000 ಯುರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಖರ್ಚಿನ ವಿಷಯದಲ್ಲಿ ವಿನಿಮಯಕ್ಕೇ ಮೇಲುಗೈ. ಹೋಟೆಲಿಲ್ಲ, ಊಟದ ಬಿಲ್ಲಿಲ್ಲ. ಉಳಿಯುವುದು ವಿಮಾನದ ಟಿಕೆಟ್ಟು, ವಿಮೆ, ಚಳಿಯ ಬಟ್ಟೆ. ಆದರೂ ಕಬ್ಬಿನ ಬಾಕಿಗೆ ಕಾಯುವ ಮನೆಗಳಿಗೆ ಟಿಕೆಟ್ಟೇ ದೊಡ್ಡ ಮೊತ್ತ. ಹಣವುಳ್ಳವರ ಮಕ್ಕಳು ಮಾತ್ರ ಹೋಗುವಂತಾಗಬಾರದೆಂದು ಹಳೆಯ ವಿದ್ಯಾರ್ಥಿಗಳಿಂದ ನಿಧಿ ಕೂಡಿಸುವುದುಂಟು. ಹೊರದೇಶದ ಶಾಲೆಯೇ ಹಣ ಕಳುಹಿಸುತ್ತೇನೆಂದರೆ ಎಚ್ಚರ ಬೇಕು. ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಾಯಿಸಿದ ಸಂಸ್ಥೆ, 2020ರ ತಿದ್ದುಪಡಿಯ ಪ್ರಕಾರ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಯ ಮೂಲಕವೇ ಅದನ್ನು ಪಡೆಯಬೇಕು.

ಇನ್ನು ಕರೆದು ಉಳಿಸಿಕೊಳ್ಳುವ ಪಾಳಿ. ನಮ್ಮಲ್ಲಿ ತೋರಿಸಲು ಏನಿದೆ ಎಂಬ ಸಂಕೋಚ ಮಂಡ್ಯದವರಿಗೆ ಬೇಡ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗಳಿಗೆ ಬೆಳಕು ಸಿಕ್ಕಿದ್ದು ಅದಾದ ಮೂರು ವರ್ಷಕ್ಕೆ. ಆ ಯೋಜನೆ ರೂಪಿಸಿದ ಜೋಲಿ ದ ಲಾಟ್‌ಬಿನಿಯೇರ್ ಕೆನಡಾದ ಕ್ವಿಬೆಕ್‌ನವರು. ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ತಲೆಯೆತ್ತಲು ದುಡಿದ ಲೆಸ್ಲಿ ಕೋಲ್ಮನ್ ಕೂಡ ಕೆನಡಾದವರೇ. ಕೆನಡಾದ ಶಾಲೆಯೊಂದು ಜೊತೆಗಾರನಾಗಿ ಸಿಕ್ಕರೆ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿಲ್ಲ. ಸಕ್ಕರೆ ಕಾರ್ಖಾನೆಗಿಂತ ಮಕ್ಕಳನ್ನು ಹಿಡಿದು ನಿಲ್ಲಿಸುವುದು ಆಲೆಮನೆ: ಗಾಣಕ್ಕೆ ಜಲ್ಲೆ ಕೊಡುವವನು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕವಾಗುವುದು, ಅಚ್ಚಿಗೆ ಹೊಯ್ದ ಬಿಸಿ ಬೆಲ್ಲ. ಮದ್ದೂರಿನ ಬಳಿಯ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಡೆದ ಧ್ವಜ ಸತ್ಯಾಗ್ರಹದ ಸೌಧವಿದೆ, ಮದ್ದೂರು ಪೇಟೆಯಲ್ಲಿ ವಡೆಯಿದೆ. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಅದನ್ನು ನೋಡಬೇಕೆಂದರೆ ಅಕ್ಟೋಬರ್ ಬಿಟ್ಟು ಡಿಸೆಂಬರ್ ನಂತರ ಬರಬೇಕು.

ಮನೆಯಲ್ಲಿ ಸಿದ್ಧತೆ ಸರಳವಾಗಿದ್ದಷ್ಟೂ ಒಳ್ಳೆಯದು. ಕುದಿಸಿ ಆರಿಸಿದ ನೀರು, ಸೊಳ್ಳೆಪರದೆ, ಖಾರ ಕಡಿಮೆಯ ಸಾರು, ಬಾಗಿಲು ಹಾಕಿಕೊಳ್ಳಬಹುದಾದ ಸ್ನಾನದ ಮನೆ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಸಲು ಅಜ್ಜಿಯರಿಗಿಂತ ಉತ್ತಮ ಶಿಕ್ಷಕರಿಲ್ಲ. ಅತಿಥಿಗೆಂದು ದಿನವೂ ಪೇಟೆಯಿಂದ ಬ್ರೆಡ್ಡು ತರಿಸುವ ಮನೆಯಲ್ಲಿ ವಿನಿಮಯಕ್ಕೆ ಏನೂ ಉಳಿಯುವುದಿಲ್ಲ. ಅಲ್ಲಿಗೆ ಹೋದ ಇಲ್ಲಿನ ಮಕ್ಕಳಿಗೂ ಇದೇ ಮಾತು, ಸಸ್ಯಾಹಾರ, ಅಲರ್ಜಿ, ಔಷಧಿಗಳ ವಿಚಾರವನ್ನು ಮೊದಲೇ ತಿಳಿಸಿದ್ದರೆ ಸಾಕು.

ರಕ್ಷಣೆಯ ನಿಯಮಗಳಲ್ಲಿ ಮಾತ್ರ ಸಲಿಗೆ ಇಲ್ಲ. ಶಾಲೆ ಮನೆ ಗೊತ್ತುಮಾಡಿಕೊಡುವಾಗ ಬ್ರಿಟನ್ನಿನಲ್ಲಿ ಆತಿಥೇಯ ಮನೆಯ ದೊಡ್ಡವರ ಹಿನ್ನೆಲೆ ಪರಿಶೀಲಿಸುತ್ತಾರೆ. ಇಲ್ಲಿನ ಶಾಲೆಯೂ ಮನೆಗಳಿಗೆ ಖುದ್ದಾಗಿ ಹೋಗಿ ನೋಡಬೇಕು. ಮಕ್ಕಳಿಗೆ ಪ್ರತ್ಯೇಕ ಹಾಸಿಗೆ, ಒಂದೇ ಮನೆಯಲ್ಲಿ ಸಾಧ್ಯವಾದಷ್ಟು ಇಬ್ಬಿಬ್ಬರು, ರಾತ್ರಿ ಯಾವ ಹೊತ್ತಿನಲ್ಲೂ ಎತ್ತುವ ಒಬ್ಬ ಶಿಕ್ಷಕಿಯ ಫೋನ್ ನಂಬರು, ಮನೆ ಬದಲಿಸಿ ಎಂದು ಮಗು ಕೇಳಿದರೆ ಕಾರಣ ಕೇಳುತ್ತಾ ಕೂರದೆ ಬದಲಿಸುವ ಒಪ್ಪಂದ ಇವು ಬರಹದಲ್ಲಿರಬೇಕು. ಪೋಕ್ಸೊ ಕಾಯ್ದೆ ವಿದೇಶದಿಂದ ಬಂದ ಮಕ್ಕಳಿಗೂ ಅನ್ವಯಿಸುತ್ತದೆ. ವಿದೇಶಿ ಅತಿಥಿಯನ್ನು ಮನೆಯಲ್ಲಿ ಉಳಿಸಿಕೊಂಡವರು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು. ಹಳ್ಳಿಯ ಮನೆಗಳಿಗೆ ಇದು ಹೊಸದಾದ್ದರಿಂದ ಶಾಲೆಯ ಕಚೇರಿಯೇ ಮುಂದೆ ನಿಂತು ಪ್ರತಿಯೊಂದು ಮನೆಯ ಪರವಾಗಿ ಮಾಡಿಸಿಕೊಡುವುದು ವಾಸಿ.