ಮಳೆ ಬರುವ ಮುನ್ನ ಡೀಸೆಲ್ ಎಂಜಿನ್ ಕಡೆ ಒಮ್ಮೆ ನೋಡಿ

ಬೆಂಗಳೂರು: 2022ರ ಮೇ ತಿಂಗಳಲ್ಲಿ ಒಂದೇ ರಾತ್ರಿಯ ಮಳೆಗೆ ರಾಮಮೂರ್ತಿ ನಗರದ ಸಮೀಪದಲ್ಲಿರುವ ಹೊರಮಾವಿನ ಸಾಯಿ ಬಡಾವಣೆ ಜಲಾವೃತವಾಯಿತು. 2025ರ ಮೇ ತಿಂಗಳಲ್ಲಿ ಅದೇ ಬಡಾವಣೆಯಲ್ಲಿ ಅದೇ ದೃಶ್ಯ ಮರುಕಳಿಸಿತು. ಇಂಥ ರಾತ್ರಿಗಳಲ್ಲಿ ಮೊದಲು ಕೈಕೊಡುವುದು ವಿದ್ಯುತ್. ವಿದ್ಯುತ್ ಹೋದೊಡನೆ ನೆಲಮಾಳಿಗೆಯ ನೀರನ್ನು ಹೊರಹಾಕುವ ಮೋಟಾರು ನಿಲ್ಲುತ್ತದೆ, ಲಿಫ್ಟ್ ನಿಲ್ಲುತ್ತದೆ, ಮನೆಯಲ್ಲಿ ರೋಗಿಗಳಿದ್ದರೆ ಅವರ ಆಮ್ಲಜನಕ ಯಂತ್ರವೂ ನಿಲ್ಲುತ್ತದೆ. ಆಗ ಎಲ್ಲರಿಗೂ ನೆನಪಾಗುವುದು ಮೂಲೆಯಲ್ಲಿ ದೂಳು ಹಿಡಿದು ಕುಳಿತ ಡೀಸೆಲ್ ಜನರೇಟರ್, ಇಲ್ಲವೇ ಪಂಪ್‌ಗೆ ಜೋಡಿಸಿದ ಸಣ್ಣ ಡೀಸೆಲ್ ಎಂಜಿನ್.

ದುರದೃಷ್ಟವೆಂದರೆ, ವರ್ಷವಿಡೀ ಮುಟ್ಟದ ಎಂಜಿನ್ ಬೇಕಾದ ದಿನವೇ ಮುಷ್ಕರ ಹೂಡುತ್ತದೆ. ಸಣ್ಣ ಡೀಸೆಲ್ ಎಂಜಿನ್ ದುಡಿದು ಕೆಡುವುದಕ್ಕಿಂತ ಸುಮ್ಮನೆ ಕುಳಿತು ಕೆಡುವುದೇ ಹೆಚ್ಚು. ತಪ್ಪಾಗಿ ಚಾಲೂ ಮಾಡಿದ್ದರಿಂದ, ತಪ್ಪಾಗಿ ನಿಲ್ಲಿಸಿದ್ದರಿಂದ ಕೆಡುವುದೂ ಉಂಟು. ಈ ಮೂರನ್ನೂ ತಪ್ಪಿಸಲು ಮೆಕ್ಯಾನಿಕ್ ಆಗಬೇಕಿಲ್ಲ. ಎಂಜಿನ್‌ನ ಸ್ವಭಾವ ತಿಳಿದಿದ್ದರೆ ಸಾಕು.

ಕಿಡಿಯಿಲ್ಲದ ಬೆಂಕಿ

ಜರ್ಮನಿಯ ರುಡಾಲ್ಫ್ ಡೀಸೆಲ್ 1893ರಲ್ಲಿ ಹಕ್ಕುಪತ್ರ ಪಡೆದು, 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಈ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಸುಮಾರು ಹದಿನೈದರಿಂದ ಇಪ್ಪತ್ತು ಪಟ್ಟು ಅದುಮಿದಾಗ ಅದು 500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುತ್ತದೆ. ಆ ಕಾದ ಗಾಳಿಗೆ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಇದರಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಗಾಳಿ ಚೆನ್ನಾಗಿ ಅದುಮದಿದ್ದರೆ ಎಂಜಿನ್ ಹತ್ತುವುದಿಲ್ಲ. ಡೀಸೆಲ್ ಕೊಳವೆಯಲ್ಲಿ ಗಾಳಿಗುಳ್ಳೆ ಸೇರಿದ್ದರೂ ಹತ್ತುವುದಿಲ್ಲ. ಇನ್ನು, ಸ್ಕೂಟರಿನಂತೆ ಕಿಡಿ ತಪ್ಪಿಸಿ ಇದನ್ನು ನಿಲ್ಲಿಸಲಾಗದು. ಡೀಸೆಲ್ ಪೂರೈಕೆಯನ್ನೇ ತಡೆಯಬೇಕು.

ಚಾಲೂ ಮಾಡುವ ಮುನ್ನ

ಮೊದಲು ಎಂಜಿನ್ ಆಯಿಲ್ ನೋಡಿ. ಅಳತೆ ಕಡ್ಡಿಯನ್ನು ಒರೆಸಿ, ಮತ್ತೆ ಅದ್ದಿ ತೆಗೆದಾಗ ಎಣ್ಣೆ ಎರಡು ಗೆರೆಗಳ ನಡುವೆ ಇರಬೇಕು. ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆ ಎಂದರ್ಥ; ಆ ಎಂಜಿನನ್ನು ತಿರುಗಿಸಲೇಬಾರದು. ನೀರಿನಿಂದ ತಣಿಯುವ ಎಂಜಿನ್ ಆದರೆ ರೇಡಿಯೇಟರ್‌ನಲ್ಲಿ ನೀರಿದೆಯೇ, ಗಾಳಿಯಿಂದ ತಣಿಯುವುದಾದರೆ ಲೋಹದ ರೆಕ್ಕೆಗಳ ನಡುವೆ ಕಸ ಕಟ್ಟಿಕೊಂಡಿದೆಯೇ ನೋಡಿ.

ಡೀಸೆಲ್ ಟ್ಯಾಂಕ್ ಪೂರ್ತಿ ಬರಿದಾಗಿದ್ದಲ್ಲಿ ಹೊಸದಾಗಿ ತುಂಬಿದ ಮಾತ್ರಕ್ಕೆ ಎಂಜಿನ್ ಹತ್ತಲಾರದು. ಫಿಲ್ಟರ್ ಬಳಿಯ ಸಣ್ಣ ತಿರುಪನ್ನು ಸಡಿಲಿಸಿ, ಕೈಪಂಪ್ ಇದ್ದರೆ ಅದನ್ನು ಒತ್ತುತ್ತಾ, ಗುಳ್ಳೆಗಳಿಲ್ಲದೆ ಡೀಸೆಲ್ ಹರಿಯುವವರೆಗೆ ಕಾದು ತಿರುಪು ಬಿಗಿಯಬೇಕು. ಮೆಕ್ಯಾನಿಕ್‌ಗಳು ‘ಏರ್ ತೆಗೆಯುವುದು’ ಎನ್ನುವುದು ಇದನ್ನೇ.

ಕೊನೆಯದಾಗಿ ಹೊರೆಯನ್ನು ಕಳಚಿ. ಜನರೇಟರ್ ಆದರೆ ಚೇಂಜ್‌ಓವರ್ ಸ್ವಿಚ್ ನಡುವಿನ ಸ್ಥಾನದಲ್ಲಿರಲಿ. ಈ ಸ್ವಿಚ್ ಇಲ್ಲದೆ ಜನರೇಟರನ್ನು ಮನೆಯ ವೈರಿಂಗ್‌ಗೆ ನೇರವಾಗಿ ಜೋಡಿಸುವುದು ಪ್ರಾಣಾಪಾಯದ ಕೆಲಸ. ಕರೆಂಟ್ ಹಿಮ್ಮುಖವಾಗಿ ಬೀದಿಯ ತಂತಿಗೆ ಹರಿದು, ಮಳೆಯಲ್ಲಿ ಕಂಬ ಹತ್ತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ನ ಜೀವವನ್ನೇ ತೆಗೆಯಬಹುದು.

ಹ್ಯಾಂಡಲ್‌ನ ಪಟ್ಟು

ಹಳ್ಳಿಯ ಪಂಪ್‌ಸೆಟ್ ಕಂಡವರಿಗೆ ಕೈಯಿಂದ ತಿರುಗಿಸುವ ಎಂಜಿನ್ ಪರಿಚಿತ. ಇದರ ತಲೆಯ ಮೇಲೊಂದು ಪುಟ್ಟ ಸನ್ನೆ ಇರುತ್ತದೆ. ಅದನ್ನು ಎತ್ತಿದರೆ ವಾಲ್ವ್ ತೆರೆದುಕೊಂಡು, ಅದುಮುವ ಶ್ರಮವಿಲ್ಲದೆ ಎಂಜಿನ್ ಹಗುರವಾಗಿ ತಿರುಗುತ್ತದೆ. ಸನ್ನೆ ಎತ್ತಿ, ಹ್ಯಾಂಡಲ್ ಹಾಕಿ, ವೇಗ ಕೂಡಿಬಂದಾಗ ಸನ್ನೆಯನ್ನು ಕೆಳಗಿಳಿಸಿದರೆ ಭಾರವಾದ ಚಕ್ರದ ಓಟವೇ ಪಿಸ್ಟನ್ನನ್ನು ಮೇಲಕ್ಕೊಯ್ದು ಎಂಜಿನ್ ಹತ್ತಿಕೊಳ್ಳುತ್ತದೆ.

ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು; ಸುತ್ತಿ ಹಿಡಿದರೆ ಎಂಜಿನ್ ಹಿಮ್ಮುಖವಾಗಿ ಒದ್ದಾಗ ಬೆರಳು ಮುರಿಯಬಹುದು. ಪಂಚೆ, ಸೆರಗು, ದುಪಟ್ಟಾಗಳು ಬೆಲ್ಟಿನ ಹತ್ತಿರ ಸುಳಿಯದಿರಲಿ.

ಬ್ಯಾಟರಿಯಿಂದ ಹತ್ತುವ ಎಂಜಿನ್‌ನಲ್ಲಿ ಕೀಲಿಯನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಕಾಲ ತಿರುಗಿಸಿ ಹಿಡಿಯಬೇಡಿ. ಅರ್ಧ ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಮೂರ್ನಾಲ್ಕು ಬಾರಿಯೂ ಹತ್ತದಿದ್ದರೆ ದೋಷ ಬೇರೆಡೆ ಇದೆ. ಹಟ ಹಿಡಿದರೆ ಬ್ಯಾಟರಿ, ಸ್ಟಾರ್ಟರ್ ಎರಡೂ ಹಾಳು.

ಎಂಜಿನ್ ಹತ್ತಿದ ತಕ್ಷಣ ಲಿಫ್ಟನ್ನೋ ಮೋಟಾರನ್ನೋ ಅದರ ಹೆಗಲಿಗೇರಿಸಬೇಡಿ. ಎರಡು ಮೂರು ನಿಮಿಷ ಬರಿದೇ ಓಡಿದರೆ ಎಣ್ಣೆ ಎಲ್ಲ ಭಾಗಗಳಿಗೂ ತಲುಪುತ್ತದೆ. ಎಣ್ಣೆಯ ಒತ್ತಡ ಕಡಿಮೆ ಎಂದು ತೋರಿಸುವ ದೀಪ ಆರದಿದ್ದರೆ ಕೂಡಲೇ ನಿಲ್ಲಿಸಬೇಕು.

ನಿಲ್ಲಿಸುವುದೂ ಒಂದು ವಿದ್ಯೆ

ಕರೆಂಟ್ ಬಂದೊಡನೆ ಓಡಿಹೋಗಿ ಎಂಜಿನ್ ನಿಲ್ಲಿಸುವುದು ಸಾಮಾನ್ಯ ಅಭ್ಯಾಸ. ಇದು ತಪ್ಪು. ಮೊದಲು ಹೊರೆ ಇಳಿಸಿ, ಮೂರರಿಂದ ಐದು ನಿಮಿಷ ಬರಿದೇ ಓಡಲು ಬಿಡಿ. ಕಾದ ಲೋಹ ಸಮವಾಗಿ ತಣಿಯಲು ಈ ಬಿಡುವು ಬೇಕು. ಆಮೇಲೆ ಡೀಸೆಲ್ ತಡೆಯುವ ಸನ್ನೆಯನ್ನು ಎಳೆದರೆ ಎಂಜಿನ್ ನಿಲ್ಲುತ್ತದೆ. ತಲೆಯ ಮೇಲಿನ ಸನ್ನೆಯನ್ನು ಎತ್ತಿ ನಿಲ್ಲಿಸಿದರೆ ವಾಲ್ವ್‌ಗೆ ಪೆಟ್ಟು. ಟ್ಯಾಂಕಿನ ನಲ್ಲಿ ಮುಚ್ಚಿ ಒಣಗಿಸಿ ನಿಲ್ಲಿಸಿದರೆ ಕೊಳವೆಗೆ ಗಾಳಿ ಸೇರಿ, ಮುಂದಿನ ಸಲ ಮತ್ತೆ ‘ಏರ್ ತೆಗೆಯುವ’ ಕೆಲಸ.

ಅಪರೂಪಕ್ಕೆ ಸವೆದ ಎಂಜಿನ್ ತನ್ನದೇ ಆಯಿಲ್ ಕುಡಿದು, ಡೀಸೆಲ್ ತಡೆದರೂ ನಿಲ್ಲದೆ ವೇಗ ಹೆಚ್ಚಿಸಿಕೊಳ್ಳುವುದುಂಟು. ಆಗ ಉಳಿದ ದಾರಿ ಗಾಳಿಯನ್ನು ತಡೆಯುವುದೊಂದೇ. ಗಾಳಿ ಒಳಹೋಗುವ ಬಾಯಿಗೆ ಗಟ್ಟಿ ಹಲಗೆ ಒತ್ತಬೇಕು. ಕೈಯನ್ನು ಎಂದಿಗೂ ಒಡ್ಡಬಾರದು. ಅದು ಸಾಧ್ಯವಾಗದಿದ್ದರೆ ದೂರ ಸರಿಯುವುದೇ ಕ್ಷೇಮ.

ತಿಂಗಳಿಗೊಂದು ದಿನ

ಎಂಜಿನ್‌ನ ಆಯುಸ್ಸನ್ನು ತಿಂಗಳುಗಳಿಂದಲ್ಲ, ಓಡಿದ ಗಂಟೆಗಳಿಂದ ಲೆಕ್ಕ ಹಾಕುತ್ತಾರೆ. ಹೀಗಾಗಿ ಒಂದು ಪುಸ್ತಕದಲ್ಲಿ ಓಡಿದ ಗಂಟೆ, ಹಾಕಿದ ಎಣ್ಣೆ, ಬದಲಿಸಿದ ಫಿಲ್ಟರ್ ಬರೆದಿಡಿ. ಆಯಿಲ್ ಬದಲಿಸುವ ಅವಧಿ ಕಂಪೆನಿಯ ಕೈಪಿಡಿಯಲ್ಲಿರುತ್ತದೆ. ಅಷ್ಟು ಗಂಟೆ ಓಡದಿದ್ದರೂ ವರ್ಷಕ್ಕೊಮ್ಮೆ ಬದಲಿಸುವುದು ಒಳಿತು. ರಸ್ತೆ ಅಗೆತ, ಕಟ್ಟಡ ಕೆಲಸದ ದೂಳಿರುವ ಕಡೆ ಏರ್ ಫಿಲ್ಟರನ್ನು ಮೇಲಿಂದ ಮೇಲೆ ನೋಡಬೇಕು. ಅರ್ಧ ತುಂಬಿದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ತೇವ ಹನಿಗಟ್ಟಿ ಡೀಸೆಲ್‌ನ ತಳಕ್ಕೆ ಇಳಿಯುತ್ತದೆ. ಆದ್ದರಿಂದ ಟ್ಯಾಂಕ್ ತುಂಬಿರಲಿ, ತಳದ ನೀರನ್ನು ಆಗಾಗ ಹೊರಬಿಡಿ.

ತಿಂಗಳಿಗೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ. ಬರಿದೇ ಅಲ್ಲ, ಸಾಮರ್ಥ್ಯದ ಮೂರನೇ ಒಂದು ಭಾಗದಷ್ಟಾದರೂ ಹೊರೆಯೊಡನೆ ಓಡಿಸಬೇಕು. ಸದಾ ಹೊರೆಯಿಲ್ಲದೆ ಓಡುವ ಎಂಜಿನ್ ಸಾಕಷ್ಟು ಕಾಯದೆ, ಅರೆಬೆಂದ ಡೀಸೆಲ್ ಜಿಡ್ಡಾಗಿ ಸೈಲೆನ್ಸರ್‌ನಲ್ಲಿ ಕೂರುತ್ತದೆ.

ಹೊಗೆಯ ಬಣ್ಣವೂ ಮಾತಾಡುತ್ತದೆ. ಕಪ್ಪು ಹೊಗೆ ಬಂದರೆ ಹೊರೆ ಹೆಚ್ಚಾಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ನೀರು ಸೇರುತ್ತಿದೆ.

ನೀರಿಗೆ ದೂರ, ಗಾಳಿಗೆ ಹತ್ತಿರ

ಜನರೇಟರ್‌ನ ಜಾಗ ಎಲ್ಲಿ ಎಂಬುದು ಎಲ್ಲಕ್ಕಿಂತ ಮುಖ್ಯ. ನೆಲಮಾಳಿಗೆಯಲ್ಲಿಟ್ಟರೆ ಎರಡು ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಬಣ್ಣವೂ ವಾಸನೆಯೂ ಇಲ್ಲದ ವಿಷ. ಮುಚ್ಚಿದ ಜಾಗದಲ್ಲಿ ಅದು ಮನುಷ್ಯನನ್ನು ಸದ್ದಿಲ್ಲದೆ ಕೊಲ್ಲಬಲ್ಲದು. ನೀರು ಹೊರಹಾಕುವ ಡೀಸೆಲ್ ಪಂಪನ್ನೂ ನೆಲಮಾಳಿಗೆಯೊಳಗೆ ಇಳಿಸಬಾರದು. ಎಂಜಿನ್ ಮೇಲಿರಲಿ, ಕೊಳವೆ ಮಾತ್ರ ಕೆಳಗಿಳಿಯಲಿ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಘೋಷಿಸಿದೆ.

ಎರಡನೆಯದು ನೆರೆಯ ನೀರು. ನೀರು ಗಾಳಿಯಂತೆ ಅದುಮುವ ವಸ್ತುವಲ್ಲ. ಮುಳುಗಿದ್ದ ಎಂಜಿನನ್ನು ಅವಸರದಿಂದ ಚಾಲೂ ಮಾಡಿದರೆ ಸಿಲಿಂಡರಿನೊಳಗಿನ ನೀರಿಗೆ ಪಿಸ್ಟನ್ ಢಿಕ್ಕಿ ಹೊಡೆದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ಯಾಟರಿ ತಂತಿ ಕಳಚಿ, ಮೆಕ್ಯಾನಿಕ್‌ನಿಂದ ನೀರು ತೆಗೆಸಿ, ಆಯಿಲ್, ಡೀಸೆಲ್, ಫಿಲ್ಟರ್ ಬದಲಿಸಿ, ವಿದ್ಯುತ್ ಭಾಗವನ್ನು ಒಣಗಿಸಿ ಪರೀಕ್ಷಿಸಿದ ನಂತರವೇ ಮುಂದಿನ ಮಾತು. ಕಾಂಕ್ರೀಟ್ ಕಟ್ಟೆ ಕಟ್ಟಿ, ಹಿಂದಿನ ನೆರೆಯ ಮಟ್ಟಕ್ಕಿಂತ ಎತ್ತರದಲ್ಲಿ ಜನರೇಟರ್ ಕೂರಿಸಿದರೆ ಈ ಖರ್ಚೇ ಇಲ್ಲ.

ಬೆಂಗಳೂರಿನಲ್ಲಿ ಮೇ ತಿಂಗಳ ಮಳೆ ಮುಂಗಾರಿಗೆ ಕಾಯುವುದಿಲ್ಲ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡುವ ಬದಲು ಬರುವ ಭಾನುವಾರ ಬೆಳಗ್ಗೆ ಅರ್ಧ ಗಂಟೆ ಎತ್ತಿಡಿ. ಕಾವಲುಗಾರ ಊರಿಗೆ ಹೋದ ರಾತ್ರಿಯೇ ಮಳೆ ಬರಬಹುದು. ಆದ್ದರಿಂದ ಎಂಜಿನ್ ಹತ್ತಿಸುವ ಕ್ರಮ ಕಟ್ಟಡದಲ್ಲಿ ಇಬ್ಬರಿಗಾದರೂ ತಿಳಿದಿರಲಿ.