ಪಕ್ಕದ ಕೋಟೆಗೆ ಒಂದು ಶಾಲಾ ಪ್ರವಾಸ

ಬಸವನಗುಡಿಯ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ಅಧ್ಯಾಪಕಿಯೊಬ್ಬರು ಒಂದು ಸಂಜೆ ನಮ್ಮ ಮನೆಗೆ ಬಂದರು. ಏಳನೆಯ ತರಗತಿಯ ಮಕ್ಕಳನ್ನು ಈ ವರ್ಷ ಯಾವುದಾದರೊಂದು ಕೋಟೆಗೆ ಕರೆದೊಯ್ಯಬೇಕೆಂಬುದು ಅವರ ಹಂಬಲ. ಆಡಳಿತ ಮಂಡಳಿಯ ಒಲವು ನೀರಾಟದ ಉದ್ಯಾನದ ಕಡೆಗಿತ್ತಂತೆ. ಅಲ್ಲಿ ಊಟ, ಬಸ್ಸು, ಟಿಕೆಟ್ಟು ಎಲ್ಲವೂ ಒಂದೇ ರಸೀದಿಯಲ್ಲಿ ಮುಗಿಯುತ್ತದೆ. ಅಧ್ಯಾಪಕಿ ಪಟ್ಟು ಬಿಡದಿದ್ದುದರಿಂದ ಕೋಟೆಗೆ ಒಪ್ಪಿಗೆ ದೊರೆತಿತ್ತು. ಚಿತ್ರದುರ್ಗವೋ ಶ್ರೀರಂಗಪಟ್ಟಣವೋ ಎಂಬುದಷ್ಟೇ ಉಳಿದ ಪ್ರಶ್ನೆ. ನಾನು, ‘ನಮ್ಮ ಕೋಟೆಗೇ ಏಕೆ ಹೋಗಬಾರದು?’ ಎಂದೆ. ಅವರು ತುಸು ಅನುಮಾನದಿಂದ, ‘ನಮ್ಮ ಕೋಟೆ ಎಂದರೆ ಯಾವುದು?’ ಎಂದು ಕೇಳಿದರು. ಅವರು ಹುಟ್ಟಿ ಬೆಳೆದದ್ದು ಗಾಂಧಿ ಬಜಾರಿನ ಆಸುಪಾಸಿನಲ್ಲೇ.

ಇದು ಅವರೊಬ್ಬರ ಮರೆವಲ್ಲ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಎಷ್ಟೋ ಮನೆಗಳಲ್ಲಿ ‘ಕೋಟೆ’ ಎಂದರೆ ಕಣ್ಣ ಮುಂದೆ ಬರುವುದು ಏಳು ಸುತ್ತಿನ ಚಿತ್ರದುರ್ಗ. ಅದು ನಮ್ಮಿಂದ ಇನ್ನೂರು ಕಿಲೊಮೀಟರ್ ದೂರ. ಬೆಳಗಿನ ಜಾವ ಐದಕ್ಕೆ ಹೊರಟ ಮಕ್ಕಳು ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಂಡು ನಡುರಾತ್ರಿ ಮನೆ ಸೇರುತ್ತಾರೆ. ಆದರೆ ಕೃಷ್ಣರಾಜೇಂದ್ರ ರಸ್ತೆಯಲ್ಲಿ ದಿನವೂ ಬಸ್ಸಿನ ಕಿಟಕಿಯಿಂದ ಕಾಣುವ, ಮಾರುಕಟ್ಟೆಯ ಪಕ್ಕದ ಆ ಕಲ್ಲುಗೋಡೆಯೊಳಗೆ ಒಮ್ಮೆಯಾದರೂ ಕಾಲಿಟ್ಟವರು ಎಷ್ಟು ಮಂದಿ? ಬೇರೆಯವರನ್ನೇಕೆ ದೂರಲಿ, ನಾನು ಮೊದಲ ಬಾರಿಗೆ ಅದರೊಳಗೆ ಹೋದದ್ದು ನಲವತ್ತು ದಾಟಿದ ಮೇಲೆ.

ನಮ್ಮ ಕೋಟೆ ದೊಡ್ಡದಾಗಿ ಉಳಿದಿಲ್ಲ ಎಂಬುದು ನಿಜ. ದೆಹಲಿ ಬಾಗಿಲು, ಅದರ ಅಕ್ಕಪಕ್ಕದ ಬುರುಜು, ಒಂದಿಷ್ಟು ಗೋಡೆ, ಒಳಗೊಂದು ಪುಟ್ಟ ಗಣಪತಿಯ ಗುಡಿ. ನಿಧಾನವಾಗಿ ನೋಡಿದರೂ ಅರ್ಧ ಗಂಟೆ ಸಾಕು. ಇಷ್ಟನ್ನು ತೋರಿಸಲು ಪ್ರವಾಸವೇ ಎಂದು ಅಧ್ಯಾಪಕಿಯೂ ಕೇಳಿದರು. ಪೂರ್ತಿ ಉಳಿದ ಕೋಟೆಯನ್ನು ಮಕ್ಕಳು ನೋಡಿ ಬರುತ್ತಾರೆ, ಆದರೆ ಅಳಿದ ಕೋಟೆಯನ್ನು ಹುಡುಕಬೇಕಾಗುತ್ತದೆ. ಹನ್ನೆರಡು ವರ್ಷದ ಮಕ್ಕಳಿಗೆ ಹುಡುಕುವುದರಲ್ಲಿರುವ ಹುರುಪು ನೋಡುವುದರಲ್ಲಿ ಇರುವುದಿಲ್ಲವೆಂಬುದು ಶಾಲೆಯ ಬಾಗಿಲು ಕಂಡವರಿಗೆಲ್ಲ ಗೊತ್ತು.

ಆ ಸಂಜೆ ನಾವಿಬ್ಬರೂ ಕೂತು ಹಾಕಿದ ಯೋಜನೆ ಶುರುವಾದದ್ದು ಹೆಸರುಗಳಿಂದ. ಕೋಟೆ ವೆಂಕಟರಮಣ ದೇವಾಲಯ, ಕೋಟೆ ಆಂಜನೇಯ, ಕೋಟೆ ಜಲಕಂಠೇಶ್ವರ, ಕೋಟೆ ಪ್ರೌಢಶಾಲೆ. ಈ ಹೆಸರುಗಳನ್ನು ದಿನಬೆಳಗಾದರೆ ಉಚ್ಚರಿಸುವ ನಮಗೆ ಅವುಗಳ ಹಿಂದಿನ ಕೋಟೆ ಯಾವುದೆಂದು ಕೇಳಿಕೊಳ್ಳಬೇಕೆನಿಸಿಲ್ಲ. ಪ್ರವಾಸಕ್ಕೆ ಎರಡು ವಾರ ಮೊದಲೇ ಮಕ್ಕಳ ಕೈಗೆ ಈಗಿನ ಚಾಮರಾಜಪೇಟೆ–ಕಲಾಸಿಪಾಳ್ಯದ ಒಂದು ನಕ್ಷೆ ಕೊಡುವುದು. ‘ಕೋಟೆ’ ಎಂಬ ಹೆಸರು ಹೊತ್ತ ಜಾಗಗಳನ್ನೆಲ್ಲ ಗುರುತು ಹಾಕಿಸುವುದು. ಆಮೇಲೆ 1791ರ ಮುತ್ತಿಗೆಯ ಕಾಲದಲ್ಲಿ ಇಂಗ್ಲಿಷರು ಬರೆದಿಟ್ಟ ನಕ್ಷೆಯನ್ನು ಪಕ್ಕದಲ್ಲಿಡುವುದು. ಆ ಹಳೆಯ ನಕ್ಷೆಯಲ್ಲಿ ಕೋಟೆ ಮೊಟ್ಟೆಯಾಕಾರದಲ್ಲಿದೆ. ಉತ್ತರದ ತುದಿಗೆ ದೆಹಲಿ ಬಾಗಿಲು, ದಕ್ಷಿಣದ ತುದಿಗೆ ಮೈಸೂರು ಬಾಗಿಲು. ನಮ್ಮ ಇವತ್ತಿನ ಗುರುತುಗಳಲ್ಲಿ ಯಾವುವು ಗೆರೆಯ ಒಳಗೆ ಬೀಳುತ್ತವೆ, ಯಾವುವು ಹೊರಗೆ ಉಳಿಯುತ್ತವೆ ಎಂಬುದನ್ನು ಮಕ್ಕಳೇ ಜಗಳವಾಡಿ ತೀರ್ಮಾನಿಸಲಿ. ವಾಣಿವಿಲಾಸ ಆಸ್ಪತ್ರೆಯಲ್ಲಿ ಹುಟ್ಟಿದ ಹುಡುಗನಿಗೆ ತಾನು ಕೋಟೆಯೊಳಗೆ ಹುಟ್ಟಿದವನೆಂದು ತಿಳಿಯುವ ಗಳಿಗೆಯೊಂದು ಇದರಲ್ಲಿ ಸಿಕ್ಕರೆ, ಪಠ್ಯಪುಸ್ತಕದ ಒಂದು ಅಧ್ಯಾಯಕ್ಕೆ ಅದು ಸಮ.

ಮಕ್ಕಳಿಗೆ ಮೊದಲು ಬಿಡಿಸಬೇಕಾದ ಗೊಂದಲ ಇನ್ನೊಂದಿದೆ. ಬೆಂಗಳೂರಿಗೆ ಇದ್ದದ್ದು ಒಂದು ಕೋಟೆಯಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಮಣ್ಣಿನ ಕೋಟೆ ಸುತ್ತುವರಿದದ್ದು ಪೇಟೆಯನ್ನು, ಎಂದರೆ ಇಂದಿನ ಚಿಕ್ಕಪೇಟೆ, ಬಳೇಪೇಟೆಗಳನ್ನು. ಅದರ ಬಾಗಿಲುಗಳಲ್ಲೊಂದು ಹಲಸೂರು ಗೇಟ್ ಪೊಲೀಸ್ ಠಾಣೆಯ ಹೆಸರಿನಲ್ಲಿ ಈಗಲೂ ಕಾವಲು ಕಾಯುತ್ತಿದೆ! ಪೇಟೆಯ ದಕ್ಷಿಣಕ್ಕೆ, ಪ್ರತ್ಯೇಕವಾಗಿ, ಹದಿನೇಳನೆಯ ಶತಮಾನದ ಕೊನೆಗೆ ಎದ್ದದ್ದು ಎರಡನೆಯ ಕೋಟೆ. ಮೊಗಲರಿಂದ ಮೂರು ಲಕ್ಷ ರೂಪಾಯಿಗೆ ಬೆಂಗಳೂರನ್ನು ಪಡೆದುಕೊಂಡ ಚಿಕ್ಕದೇವರಾಜ ಒಡೆಯರು ಅದನ್ನು ಕಟ್ಟಿಸಿದರು. 1761ರಲ್ಲಿ ಹೈದರಾಲಿ ಅದನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿಸಿದ. ನಮ್ಮ ಪ್ರವಾಸ ಈ ಎರಡನೆಯದಕ್ಕೆ.

ಅದರ ಕಥೆಯಲ್ಲಿ ಮಕ್ಕಳನ್ನು ಹಿಡಿದು ನಿಲ್ಲಿಸುವ ರಾತ್ರಿಯೊಂದಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್‌ನ ಸೇನೆ 1791ರ ಮಾರ್ಚ್ 7ರಂದು ಪೇಟೆಯನ್ನು ಹಿಡಿಯಿತು. ಎರಡು ವಾರ ಪೇಟೆಯ ಕಡೆಯಿಂದಲೇ ಫಿರಂಗಿ ಹಾರಿಸಿ ದೆಹಲಿ ಬಾಗಿಲ ಪಕ್ಕದ ಗೋಡೆಯಲ್ಲಿ ಬಿರುಕು ತೆರೆದು, ಮಾರ್ಚ್ 21ರ ಬೆಳದಿಂಗಳ ರಾತ್ರಿ ಒಳನುಗ್ಗಿತು. ಕಿಲ್ಲೇದಾರ ಬಹಾದೂರ್ ಖಾನ್ ಅಲ್ಲಿಯೇ ಹೋರಾಡಿ ಮಡಿದ. ಆ ಬಿರುಕಿದ್ದ ಜಾಗದಲ್ಲಿ ಇಂಗ್ಲಿಷಿನ ಕಲ್ಲುಫಲಕವೊಂದಿದೆ. ಗೋಡೆ ಒಡೆದು ಬಂದವರು ತಮ್ಮ ಗೆಲುವನ್ನು ದಿನಾಂಕ ಸಮೇತ ಕೊರೆಸಿಟ್ಟದ್ದು ಅದು. ಗೋಡೆ ಕಾಯುತ್ತ ಸತ್ತವರ ಹೆಸರು ಅದರ ಮೇಲಿಲ್ಲ. ಮಕ್ಕಳಿಗೆ ಕೊಡುವ ಪ್ರಶ್ನೆಪತ್ರಿಕೆಯಲ್ಲಿ ‘ಈ ಫಲಕವನ್ನು ನೀವು ಬರೆಯಿಸುವುದಾದರೆ ಏನೆಂದು ಬರೆಯಿಸುತ್ತೀರಿ?’ ಎಂಬುದೊಂದೇ ಪ್ರಶ್ನೆ ಇದ್ದರೆ ಸಾಕೆಂದು ನಾನು ಹೇಳಿದೆ. ಅಧ್ಯಾಪಕಿ ಹತ್ತು ಪ್ರಶ್ನೆ ಸೇರಿಸಿದರು. ಅವರ ಕಷ್ಟ ಅವರಿಗೆ, ವರದಿ ಬರೆಯಬೇಕಲ್ಲ.

ಕೋಟೆಯಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ ಬೇಸಿಗೆ ಅರಮನೆ. ಹೈದರಾಲಿ 1781ರಲ್ಲಿ ಆರಂಭಿಸಿದ ಈ ತೇಗದ ಕಂಬಗಳ ಅರಮನೆಯನ್ನು ಟಿಪ್ಪು ಸುಲ್ತಾನ್ ಮುಗಿಸಿದ್ದು 1791ರಲ್ಲಿ, ಎಂದರೆ ಕೋಟೆ ಕೈಬಿಟ್ಟ ವರ್ಷವೇ. 1792ರ ಒಪ್ಪಂದದ ನಂತರ ಬೆಂಗಳೂರು ಮರಳಿ ಸಿಕ್ಕಾಗ ಟಿಪ್ಪು ಮಾಡಿದ ಕೆಲಸ ಇನ್ನೂ ವಿಚಿತ್ರ. ಶತ್ರುವನ್ನು ತಡೆಯಲಾರದ ಕೋಟೆ ಶತ್ರುವಿಗೇ ಆಸರೆಯಾದೀತೆಂದು ತನ್ನ ಕೋಟೆಯನ್ನು ತಾನೇ ಕೆಡವಿಸಿದ. ಅದನ್ನು ಆಮೇಲೆ ಸರಿಪಡಿಸಿದವರು ದಿವಾನ್ ಪೂರ್ಣಯ್ಯ. ಮುಂದೆ ಬ್ರಿಟಿಷ್ ಆಡಳಿತಕ್ಕೆ ಕೋಟೆ ಬೇಡವಾಯಿತು. ಗೋಡೆಗಳು ಒಂದೊಂದಾಗಿ ಇಳಿದು, ರಸ್ತೆ, ಆಸ್ಪತ್ರೆ, ಶಾಲೆ, ಕಾಲೇಜುಗಳಿಗೆ ಜಾಗ ಬಿಟ್ಟವು. ಅರಮನೆ ಮಾತ್ರ ಸರ್ಕಾರಿ ಕಚೇರಿಯಾಗಿದ್ದುದರಿಂದ ಬದುಕಿತು. 1868ರಲ್ಲಿ ಅಠಾರಾ ಕಚೇರಿಗೆ ಆಡಳಿತ ಹೊರಟುಹೋಗುವವರೆಗೂ ಅದೇ ಸಚಿವಾಲಯ. ಉಪಯೋಗಕ್ಕೆ ಬಿದ್ದದ್ದು ಉಳಿಯುತ್ತದೆಂಬ ಈ ಲೆಕ್ಕ ಬೆಂಗಳೂರಿನ ಮಕ್ಕಳಿಗೆ ಬಹುಬೇಗ ಅರ್ಥವಾಗುತ್ತದೆ. ಅವರು ಕಣ್ಣೆದುರೇ ಕಾಂಪೌಂಡಿನ ಮನೆಗಳು ಅಪಾರ್ಟ್‌ಮೆಂಟ್‌ಗಳಾಗುವುದನ್ನು ಕಂಡವರು.

ಅರಮನೆಯ ಹೆಸರು ಬಂದೊಡನೆ ಅಧ್ಯಾಪಕಿ ದನಿ ತಗ್ಗಿಸಿದರು. ‘ಪೋಷಕರ ಗುಂಪಿನಲ್ಲಿ ಮಾತು ಬರಬಹುದು’ ಎಂದರು. ಬರುತ್ತದೆ, ಅನುಮಾನವಿಲ್ಲ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಆಚರಿಸಿತು, 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ಕೈಬಿಟ್ಟಿತು. ಆ ನಡುವಿನ ಗದ್ದಲದ ನೆನಪು ಇನ್ನೂ ಆರಿಲ್ಲ. ಸುಲ್ತಾನನನ್ನು ಕೊಡಗಿನ ಮಗುವೊಂದು ನೋಡುವ ಬಗೆ ಬೇರೆ, ಶ್ರೀರಂಗಪಟ್ಟಣದ ಮಗು ನೋಡುವ ಬಗೆ ಬೇರೆ. ಅದನ್ನು ಒಂದು ಬೆಳಗಿನ ಪ್ರವಾಸದಲ್ಲಿ ಇತ್ಯರ್ಥ ಮಾಡುವ ಹೊಣೆ ಶಾಲೆಯದಲ್ಲ. ಆದರೆ ವಿವಾದಕ್ಕೆ ಹೆದರಿ ಅರಮನೆಯನ್ನು ಬಿಟ್ಟರೆ, ಅದಕ್ಕೆ ಆತುಕೊಂಡಂತಿರುವ ಕೋಟೆ ವೆಂಕಟರಮಣ ದೇವಾಲಯವನ್ನೂ ಬಿಟ್ಟಂತಾಗುತ್ತದೆ. ಆ ದೇವಾಲಯವನ್ನು ಕಟ್ಟಿಸಿದವರು ಚಿಕ್ಕದೇವರಾಜ ಒಡೆಯರು. ನೂರು ವರ್ಷದ ನಂತರ ಬಂದ ಸುಲ್ತಾನರು ಅರಮನೆ ಕಟ್ಟಿಸಿದ್ದು ಅದರ ಮಗ್ಗುಲಲ್ಲೇ. ಯುದ್ಧದಲ್ಲಿ ಅರಮನೆಯತ್ತ ಬಂದ ಗುಂಡು ದೇವಾಲಯದ ಗರುಡಗಂಬಕ್ಕೆ ಬಡಿದು ಟಿಪ್ಪು ಪಾರಾದನೆಂಬ ಐತಿಹ್ಯವನ್ನು ಹಳೆಯ ಚಾಮರಾಜಪೇಟೆಯವರು ಈಗಲೂ ಹೇಳುತ್ತಾರೆ. ಐತಿಹ್ಯವನ್ನು ಐತಿಹ್ಯವೆಂದೇ ಹೇಳೋಣ. ಯಾವುದಕ್ಕೆ ದಾಖಲೆಯಿದೆ, ಯಾವುದು ಜನರ ಬಾಯಿಯಲ್ಲಿ ಉಳಿದದ್ದು ಎಂದು ಬೇರೆಮಾಡಿ ನೋಡುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ?

ಇನ್ನು ನಿಜವಾದ ಸಮಸ್ಯೆಗೆ ಬರುತ್ತೇನೆ. ಅದು ಟಿಪ್ಪುವೂ ಅಲ್ಲ, ಕಾರ್ನ್‌ವಾಲಿಸ್‌ನೂ ಅಲ್ಲ. ಅದು ರಸ್ತೆ.

ಮುಂದಿನ ಭಾನುವಾರ ನಾವಿಬ್ಬರೂ ದಾರಿ ನೋಡಲು ಹೊರಟೆವು. ಮೊದಲ ಅಂದಾಜು ಶಾಲೆಯಿಂದ ನಡೆದೇ ಹೋಗುವುದು. ಮಕ್ಕಳ ಕೂಟದವರೆಗೆ ಅಡ್ಡಿಯಿರಲಿಲ್ಲ. ಆರ್. ಕಲ್ಯಾಣಮ್ಮನವರು ಕಟ್ಟಿದ ಆ ಸಂಸ್ಥೆಯ ಎದುರು ನಿಂತು ಮಕ್ಕಳಿಗೆ ಎರಡು ಮಾತು ಹೇಳಬಹುದೆಂದೂ ಗುರುತು ಹಾಕಿಕೊಂಡೆವು. ಅಲ್ಲಿಂದ ಮುಂದೆ ಕಾಲುದಾರಿ ತುಂಡುತುಂಡು. ಒಂದೆಡೆ ಚಪ್ಪಡಿ ಎದ್ದಿದೆ, ಇನ್ನೊಂದೆಡೆ ದ್ವಿಚಕ್ರ ವಾಹನಗಳ ಸಾಲು, ಮತ್ತೊಂದೆಡೆ ಹಣ್ಣಿನ ಗಾಡಿ. ಅರವತ್ತು ಮಕ್ಕಳನ್ನು ಸಾಲಾಗಿ ನಡೆಸಿದರೆ ಸಾಲಿನ ತಲೆ ಕೋಟೆ ಮುಟ್ಟುವಾಗ ಬಾಲ ಇನ್ನೊಂದು ಸಿಗ್ನಲ್ಲಿನ ಆಚೆ ಇರುತ್ತದೆ. ಮಾರುಕಟ್ಟೆಯ ಬಳಿ ರಸ್ತೆ ದಾಟುವ ಪ್ರಯತ್ನ ನಾವಿಬ್ಬರೇ ಮಾಡಿ, ಹಿಂದಿರುಗಿ, ಮತ್ತೆ ಮಾಡಿದೆವು. ಕಂದಕ, ಬುರುಜುಗಳಿದ್ದ ಕಾಲದಲ್ಲಿ ಈ ಕೋಟೆಯನ್ನು ಎರಡು ವಾರದಲ್ಲಿ ಹಿಡಿದರು. ಈಗ ಅದರ ಬಾಗಿಲು ತಲುಪುವುದು ಮಕ್ಕಳಿಗೆ ಅದಕ್ಕಿಂತ ಕಷ್ಟವೇನೋ ಎಂದು ನಗುವಂತಾಯಿತು. ನಗುವ ಸಂಗತಿಯೂ ಅಲ್ಲ. 2024ರ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ಹೋಗಿದ್ದ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ನೀರುಪಾಲಾದ ಮೇಲೆ, ಯಾವ ಅಧ್ಯಾಪಕರಿಗೂ ಪ್ರವಾಸದ ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಹತ್ತುತ್ತದೆಂದು ನಾನು ನಂಬಲಾರೆ.

ಪರಿಹಾರ ನೆಲದಡಿಯಲ್ಲಿತ್ತು. 2017ರ ಜೂನ್‌ನಲ್ಲಿ ಹಸಿರು ಮಾರ್ಗದ ಸುರಂಗ ತೆರೆದಂದಿನಿಂದ ಬಸವನಗುಡಿಯ ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆ ಒಂದೇ ನಿಲ್ದಾಣ. ಮಲ್ಲೇಶ್ವರದ ಶಾಲೆಗಳಿಗೆ ಸಂಪಿಗೆ ರಸ್ತೆಯಿಂದ ಮೂರನೆಯದು. ಬಿಸಿಲಿಲ್ಲ, ಹಾರನ್ನಿಲ್ಲ, ಮಕ್ಕಳನ್ನು ಎಣಿಸಲು ಪ್ಲಾಟ್‌ಫಾರ್ಮಿಗಿಂತ ಪ್ರಶಸ್ತ ಜಾಗವಿಲ್ಲ. ಇತಿಹಾಸದ ಪಾಠವೂ ಅಲ್ಲಿಂದಲೇ ಶುರು. ಈ ಸುರಂಗಕ್ಕಾಗಿ ಕೋಟೆ–ಅರಮನೆಗಳ ಆಸುಪಾಸಿನಲ್ಲಿ ನೆಲ ಅಗೆಯುತ್ತಿದ್ದಾಗ 2012ರಲ್ಲಿ ಒಂದೊಂದೂ ಸುಮಾರು ಒಂದು ಟನ್ ತೂಗುವ ಎರಡು ಕಬ್ಬಿಣದ ಫಿರಂಗಿಗಳು ಸಿಕ್ಕಿದ್ದವು. ರೈಲು ನಿಂತೊಡನೆ ಅಧ್ಯಾಪಕಿ ಇದನ್ನು ಹೇಳಬೇಕೆಂದು ಒಪ್ಪಂದವಾಗಿದೆ.

ಶೌಚಾಲಯದ ಪ್ರಶ್ನೆಗೂ ನಿಲ್ದಾಣವೇ ಉತ್ತರ. ಗಂಡಸರು ಹಾಕುವ ಪ್ರವಾಸದ ಯೋಜನೆಗಳಲ್ಲಿ ಈ ಸಾಲು ಕೊನೆಗೆ ಬರುತ್ತದೆ, ಅಥವಾ ಬರುವುದೇ ಇಲ್ಲ. ನಾನು ಬರೆದಿದ್ದ ಚೀಟಿಯಲ್ಲಿಯೂ ಇರಲಿಲ್ಲ. ಅಧ್ಯಾಪಕಿ ಅದನ್ನು ಮೊದಲ ಸಾಲಾಗಿ ಸೇರಿಸಿದರು. ಏಳನೆಯ ತರಗತಿಯ ಹೆಣ್ಣುಮಕ್ಕಳು ಪ್ರವಾಸ ತಪ್ಪಿಸಲು ಕೊಡುವ ಕಾರಣಗಳ ಹಿಂದೆ ಇರುವ ಕಾರಣ ಎಷ್ಟೋ ಸಲ ಇದೇ ಎಂದರು.

ಖರ್ಚಿನ ಮಾತು ಸಂಕ್ಷಿಪ್ತ. ಪುರಾತತ್ವ ಸರ್ವೇಕ್ಷಣೆಯ ಸ್ಮಾರಕಗಳಿಗೆ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶಶುಲ್ಕವಿಲ್ಲ. ಮೆಟ್ರೊ ಟಿಕೆಟ್ಟು, ಒಂದು ಬಾಳೆಹಣ್ಣು, ಚಿತ್ರಾನ್ನದ ಪೊಟ್ಟಣ. ನೀರಾಟದ ಉದ್ಯಾನಕ್ಕೆ ಹಣ ಕಟ್ಟಲಾರದೆ ‘ಹೊಟ್ಟೆನೋವು’ ಎಂದು ಮನೆಯಲ್ಲೇ ಉಳಿಯುವ ಐದಾರು ಮಕ್ಕಳು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ. ಈ ಸಲ ಅವರೂ ಬರುತ್ತಾರೆ.

ಆದರೂ ಒಂದು ವಿಷಯದಲ್ಲಿ ನಮ್ಮಿಬ್ಬರ ನಡುವೆ ಒಮ್ಮತ ಮೂಡಲಿಲ್ಲ. ಕೋಟೆ ನೋಡಿದ ಮೇಲೆ ಮಾರುಕಟ್ಟೆಯ ಹೂವಿನ ಅಂಗಡಿಗಳ ಮೂಲಕ ಒಂದು ಸುತ್ತು ಹಾಕಿಸಬೇಕೆಂದು ನಾನು. ಬೇಡವೆಂದು ಅವರು. ಮೂಟೆ ಹೊತ್ತವರ ನಡುವೆ ಮಕ್ಕಳು ಚದುರಿಹೋಗುತ್ತಾರೆಂಬ ಅವರ ಭಯದಲ್ಲಿ ಹುರುಳಿದೆ. ಆದರೆ ಬಸವನಗುಡಿಯ ಮಧ್ಯಮ ವರ್ಗ ತನ್ನ ಮಕ್ಕಳನ್ನು ಆ ಮಾರುಕಟ್ಟೆಯಿಂದ ದೂರವಿಟ್ಟದ್ದು ಕೇವಲ ದಟ್ಟಣೆಯ ಕಾರಣಕ್ಕಲ್ಲವೆಂಬುದೂ ನಮಗೆ ಗೊತ್ತು. ಹಬ್ಬದ ಹಿಂದಿನ ದಿನ ಅಲ್ಲಿಂದಲೇ ಸೇವಂತಿಗೆ ಬರಬೇಕು, ಮಕ್ಕಳು ಮಾತ್ರ ಅತ್ತ ಸುಳಿಯಬಾರದು. ನಾವು ದಾರಿ ನೋಡಲು ಹೋದ ಭಾನುವಾರ ಕೋಟೆಯೊಳಗೆ ಇದ್ದವರು ಮೂವರು ಹುಡುಗರು ಮಾತ್ರ. ಅಪ್ಪಂದಿರು ಮಾರುಕಟ್ಟೆಯಲ್ಲಿ ದುಡಿಯುತ್ತಾರೆಂದು ಹೇಳಿದರು. ಕಲ್ಲುಫಲಕ ಎಲ್ಲಿದೆಯೆಂದು ನಾವು ತಡಕಾಡುತ್ತಿದ್ದಾಗ ಕೈಹಿಡಿದು ತೋರಿಸಿದವರು ಅವರೇ. ಗಾರೆಯ ಹೂಬಳ್ಳಿಗಳಲ್ಲಿ ಯಾವುದು ಮುಕ್ಕಾಗಿದೆ, ಮಳೆ ಬಂದರೆ ಯಾವ ಬಾಗಿಲ ಕೆಳಗೆ ನೀರು ನಿಲ್ಲುವುದಿಲ್ಲ ಎಂಬುದೆಲ್ಲ ಅವರಿಗೆ ಬಾಯಿಪಾಠ.

ಪ್ರವಾಸ ಡಿಸೆಂಬರ್‌ನ ಒಂದು ಶನಿವಾರಕ್ಕೆ ನಿಗದಿಯಾಗಿದೆ. ಪೋಷಕರಿಗೆ ಕಳಿಸುವ ಪತ್ರದ ಕರಡು ನನ್ನ ಮೇಜಿನ ಮೇಲಿದೆ. ಮಾರುಕಟ್ಟೆಯ ಸುತ್ತನ್ನು ಅಧ್ಯಾಪಕಿ ಪೆನ್ಸಿಲಿನಲ್ಲಿ ಹೊಡೆದುಹಾಕಿದ್ದಾರೆ. ಅದರ ಕೆಳಗೆ, ಅದೇ ಪೆನ್ಸಿಲಿನಲ್ಲಿ, ಆ ಮೂವರು ಹುಡುಗರು ಶನಿವಾರ ಬೆಳಿಗ್ಗೆ ಕೋಟೆಯ ಬಳಿ ಸಿಗುತ್ತಾರೋ ಹೇಗೆ ಎಂದು ವಿಚಾರಿಸುವಂತೆ ನನಗೊಂದು ಟಿಪ್ಪಣಿ ಬರೆದಿದ್ದಾರೆ.